ಡಬ್ಬಿ ಖಾಲಿ ಕೊಡಬಾರದು

ಆ ಹುಡುಗಿಯ ಊಟದ ಡಬ್ಬಿ ಸೋರದೇ ಇದ್ದಿದ್ದರೆ ಇದನ್ನೆಲ್ಲ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ತಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಅವಳು ಬ್ಯಾಗಿನಿಂದ ಒಂದೊಂದೇ ಪುಸ್ತಕ ಹೊರಗೆ ತೆಗೆದು ದುಪಟ್ಟಾದಲ್ಲಿ ಒರೆಸುತ್ತಿದ್ದಳು. ಬಿ.ಕಾಂ. ಕೊನೆಯ ವರ್ಷದ ರೆಕಾರ್ಡ್ ಪುಸ್ತಕದ ಅಂಚಿಗೆಲ್ಲ ಹುರುಳಿಕಾಳಿನ ಸಾರು ಇಳಿದಿತ್ತು. ಜೊತೆಯವರು ಮೂಗು ಮುಚ್ಚಿಕೊಂಡು ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಅಳುವ ಹುಡುಗಿಯಾಗಿದ್ದರೆ ನಾನು ಹತ್ತಿರ ಹೋಗುತ್ತಿರಲಿಲ್ಲ. ತನ್ನ ಫಜೀತಿಗೆ ತಾನೇ ನಗುವವಳು ಮಾರಾಟಕ್ಕೆ ಹೇಳಿ ಮಾಡಿಸಿದವಳು ಎಂದು ನಾನು ನಂಬಿದ್ದೆ.

ಅಂಗಡಿಯಿಲ್ಲದೆ, ಮನೆಗಳಲ್ಲಿ ಹೆಂಗಸರನ್ನು ಕೂರಿಸಿ, ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಿಗಳನ್ನು ತೋರಿಸಿ ಮಾರುವ ಕಂಪನಿಯೊಂದಕ್ಕೆ ನಾನು ನಂಜನಗೂಡಿನಲ್ಲಿ ಲೀಡರ್ ಆಗಿದ್ದೆ. ಲೀಡರ್ ಎಂದರೆ ದೊಡ್ಡದೇನಲ್ಲ. ಕಾಲೇಜಿನ ಹುಡುಗಿಯರನ್ನು ಹುಡುಕಿ, ಸೇರಿಸಿ, ಕೆಲಸ ಕಲಿಸಿ, ಅವರು ಬಿಟ್ಟು ಹೋಗದ ಹಾಗೆ ನೋಡಿಕೊಳ್ಳಬೇಕು. ಮನೆಯೇ ಅಂಗಡಿ, ಅಕ್ಕಪಕ್ಕದವರೇ ಗಿರಾಕಿ ಎಂದು ಅವರಿಗೆ ಹೇಳಿಕೊಡುತ್ತಿದ್ದೆ. ನನ್ನ ಮನೆಗೆ ಮಾತ್ರ ಯಾರೂ ಬರುತ್ತಿರಲಿಲ್ಲ. ರೈಲ್ವೆ ಗೇಟಿನ ಹತ್ತಿರ ಎರಡು ಕೋಣೆಯ ಬಾಡಿಗೆ ಮನೆ, ಮದುವೆಯಾಗದೆ ಉಳಿದ ನಲವತ್ತನಾಲ್ಕರ ಹೆಂಗಸು, ಎರಡು ಕುರ್ಚಿ. ಎರಡನೆಯ ಕುರ್ಚಿಯ ಮೇಲೆ ಯಾವಾಗಲೂ ಒಗೆದ ಬಟ್ಟೆ ಇರುತ್ತಿತ್ತು.

ಹುಡುಗಿಯರನ್ನು ಹುಡುಕಲು ಕಾಲೇಜಿನ ಒಳಗೆ ಬಿಡುವುದಿಲ್ಲ, ಬಿಡಲೂಬಾರದು. ಹಾಗಾಗಿ ನಾನು ಬಸ್ ಸ್ಟ್ಯಾಂಡ್ ಹಿಡಿದಿದ್ದೆ. ಕ್ಲಾಸು ಬಿಟ್ಟ ಮೇಲೆ ಊರಿನ ಬಸ್ಸು ಬರುವತನಕ ಮುಕ್ಕಾಲು ಗಂಟೆ ಅವರಿಗೆ ಬೇರೆ ಕೆಲಸವಿರುವುದಿಲ್ಲ. ಅವತ್ತು ನನ್ನ ಚೀಲದಿಂದ ಅರ್ಧ ಲೀಟರಿನ ಡಬ್ಬಿ ತೆಗೆದು, ನನ್ನ ಬಾಟಲಿಯ ನೀರನ್ನೇ ಅದಕ್ಕೆ ತುಂಬಿ, ಮುಚ್ಚಳ ಹಾಕಿ, ಅವಳ ರೆಕಾರ್ಡ್ ಪುಸ್ತಕದ ಮೇಲೆ ತಲೆಕೆಳಗಾಗಿ ಹಿಡಿದೆ. ಅವಳು ಕಿರುಚಿದಳು. ಒಂದು ಹನಿಯೂ ಬೀಳಲಿಲ್ಲ.

"ಅಕ್ಕ, ಇನ್ನೊಂದ್ಸಲ ತೋರ್ಸಿ" ಅಂದಳು.

ಎಲ್ಲರೂ ಮೇಡಂ ಅನ್ನುತ್ತಿದ್ದರು. ಮೊದಲ ಮಾತಿಗೇ ಅಕ್ಕ ಅಂದವಳು ಇವಳೊಬ್ಬಳೇ. ಊರು ಮೂಗೂರು.

ನನಗೆ ಕೆಲವು ಕಟ್ಟುಪಾಡುಗಳಿದ್ದವು. ಹದಿನೆಂಟು ತುಂಬಿರಬೇಕು. ತಾಯಿ ಒಪ್ಪಿರಬೇಕು. ಮೊದಲ ಡೆಮೊ ತಾಯಿಯ ಅಡುಗೆಮನೆಯಲ್ಲೇ, ತಾಯಿಯ ಎದುರೇ ಆಗಬೇಕು. ಹೆತ್ತವಳ ಮುಂದೆ ನಾಲಿಗೆ ತೊದಲದೆ ಇದ್ದರೆ ಊರಿನ ಮುಂದೆ ತೊದಲುವುದಿಲ್ಲ. ಆ ಭಾನುವಾರ ನಾನೇ ಮೂಗೂರಿಗೆ ಹೋದೆ. ಹಟ್ಟಿಯಲ್ಲಿ ಎರಡು ಹಸು, ಒಳಗೆ ಹೊಗೆ ಹಿಡಿದ ಗೋಡೆ, ಸೆರಗು ಸಿಕ್ಕಿಸಿಕೊಂಡು ನಿಂತ ತಾಯಿ. ಅಕ್ಕಪಕ್ಕದ ಐದಾರು ಹೆಂಗಸರು ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದರು.

ನಮ್ಮ ಡಬ್ಬಿಯ ಗುಟ್ಟು ಇರುವುದು ಮುಚ್ಚಳದಲ್ಲಿ. ಸುತ್ತ ಒತ್ತಿ ಮುಚ್ಚಿದರೆ ಸಾಲದು. ಒಂದು ಮೂಲೆಯನ್ನು ಉಗುರಿನಿಂದ ಕೂದಲೆಳೆಯಷ್ಟು ಎತ್ತಬೇಕು, ಇನ್ನೊಂದು ಕೈಯ ಹೆಬ್ಬೆರಳಿನಿಂದ ನಡುವನ್ನು ಒತ್ತಬೇಕು, ಒಳಗಿನ ಗಾಳಿ ಫುಸ್ ಎಂದು ಹೊರಟ ಕೂಡಲೇ ಮೂಲೆಯನ್ನು ಮುಚ್ಚಿಬಿಡಬೇಕು. ಆಗ ಮುಚ್ಚಳದ ನಡು ತಟ್ಟೆಯ ಹಾಗೆ ಒಳಕ್ಕೆ ಇಳಿದು ನಿಲ್ಲುತ್ತದೆ. "ಮುಚ್ಚಳಕ್ಕೆ ಹೊಟ್ಟೆ ಬಂದಿರಬಾರದು" ಎಂದು ನಾನು ಹುಡುಗಿಯರಿಗೆ ಹೇಳುತ್ತಿದ್ದೆ. ಆ ಫುಸ್ ಸದ್ದಿಗೆ ಹೆಂಗಸರು ನಗುತ್ತಾರೆ. ನಕ್ಕ ಮೇಲೆ ಡಬ್ಬಿಯನ್ನು ಅವರ ಕೈಗೆ ಕೊಡಬೇಕು. ಇದು ಕ್ರಮ.

ಹುಡುಗಿ ಎರಡನೇ ಸಲಕ್ಕೇ ಕಲಿತಳು. ತಾಯಿಗೆ ಮಾತ್ರ ಬರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮುಚ್ಚಳವನ್ನು ಅಂಗೈಯಿಂದ ಪಟ್ ಎಂದು ಬಡಿದು ಮುಚ್ಚಿ, "ಗಾಳಿ ಇದ್ರೆ ಇರ್ಲಿ ಬುಡವ್ವ, ಅದ್ಕೇನು ಊಟ ಆಕ್ಬೇಕಾ?" ಅಂದರು. ಕೂತವರೆಲ್ಲ ಗೊಳ್ಳೆಂದರು. ಆದರೂ ಮಗಳ ಮುಖ ನೋಡಿ ಅರ್ಧ ಲೀಟರಿನ ಡಬ್ಬಿಯೊಂದನ್ನು ಅವರೇ ಕೊಂಡರು. ಹುಡುಗಿ ಮಾರಿದ ಮೊದಲ ಡಬ್ಬಿ ಅದು. ನಾನು ಹೊರಟಾಗ ಅದೇ ಹೊಸ ಡಬ್ಬಿಗೆ ಹುಚ್ಚೆಳ್ಳು ಚಟ್ನಿಪುಡಿ ತುಂಬಿ ನನ್ನ ಕೈಗಿಟ್ಟರು.

"ಒಬ್ರೇ ಇದ್ದೀರಂತೆ. ಅನ್ನಕ್ಕೆ ಕಲ್ಸ್ಕಂಡು ಉಣ್ಣಿ. ಡಬ್ಬ ನಿದಾನಕ್ಕೆ ಕಳ್ಸಿ."

ಒಂದು ತಿಂಗಳು ಆ ಪುಡಿಯಲ್ಲಿ ಊಟ ಮಾಡಿದೆ. ಮುಗಿದ ಮೇಲೆ ಡಬ್ಬಿ ತೊಳೆದು ಒರೆಸಿ ಶೆಲ್ಫಿನ ಮೇಲಿಟ್ಟೆ. ಖಾಲಿ ಡಬ್ಬಿ ಹಿಂತಿರುಗಿಸುವ ರೂಢಿ ನಮ್ಮ ಕಡೆ ಇಲ್ಲ. ಸಕ್ಕರೆಯೋ, ಒಂದು ಹಿಡಿ ಕಡಲೆಯೋ, ಏನಾದರೂ ಹಾಕಿಯೇ ಕೊಡಬೇಕು. ನಾನೊಬ್ಬಳಿಗಾಗಿ ಮಾಡಿಕೊಳ್ಳುವ ಅಡುಗೆಯಲ್ಲಿ ಇನ್ನೊಬ್ಬರಿಗೆ ಕೊಡುವಂಥದ್ದು ಏನಿರುತ್ತದೆ? ಬರುವ ವಾರ ಏನಾದರೂ ಮಾಡೋಣ ಅಂದುಕೊಳ್ಳುತ್ತ ಡಬ್ಬಿ ಅಲ್ಲೇ ಉಳಿಯಿತು.

ನನ್ನ ತಂಡದಲ್ಲಿ ಆರು ಹುಡುಗಿಯರಿದ್ದರು. ಒಬ್ಬೊಬ್ಬಳ ಹತ್ತಿರ ಎಂಟು ಡಬ್ಬಿಗಳ ಒಂದು ಡೆಮೊ ಚೀಲ. ಬೆಳಿಗ್ಗೆ ಆರಕ್ಕೆ ವಾಟ್ಸಾಪ್ ಗುಂಪಿಗೆ ಅವತ್ತಿನ ಪಾಠ ಹಾಕುತ್ತಿದ್ದೆ. ಗಿರಾಕಿ ಬೇಡ ಅಂದರೆ ಏನು ಹೇಳಬೇಕು, ಅತ್ತೆ ಸೊಸೆ ಇಬ್ಬರೂ ಕೂತಿದ್ದರೆ ಡಬ್ಬಿ ಮೊದಲು ಯಾರ ಕೈಗೆ ಕೊಡಬೇಕು. (ಅತ್ತೆಯ ಕೈಗೆ. ಹಣ ಸೊಸೆಯದ್ದಾದರೂ ಅತ್ತೆಯ ಕೈಗೆ.) ಇಬ್ಬರು ಹೆಬ್ಬೆರಳು ಹಾಕುತ್ತಿದ್ದರು, ಉಳಿದವರದು ಓದಿದ್ದೇವೆ ಎಂಬ ನೀಲಿ ಗುರುತು ಮಾತ್ರ. ಸಂಜೆ ಒಬ್ಬೊಬ್ಬರಿಗೇ ಫೋನು ಮಾಡುತ್ತಿದ್ದೆ. ನಾನು ಅತ್ತೆಯಾಗುತ್ತಿದ್ದೆ, ಅವರು ಮಾರುವವರಾಗುತ್ತಿದ್ದರು. ಆರು ಮನೆಯ ಅತ್ತೆಯಾಗಿ ಬೈದು ಫೋನಿಟ್ಟ ಮೇಲೆ ಮನೆಯಲ್ಲಿ ಫ್ಯಾನಿನ ಸದ್ದು ಮಾತ್ರ ಉಳಿಯುತ್ತಿತ್ತು. ಆ ಹೊತ್ತು ನನಗೆ ಬಹಳ ಕಷ್ಟದ್ದು. ಈಗಲೂ ಹೌದು.

ಮೂಗೂರಿನ ಹುಡುಗಿ ಮಾತ್ರ ಭಾನುವಾರ ಬಸ್ಸು ಹತ್ತಿ ಕಲಿಯಲು ಮನೆಗೇ ಬರುತ್ತಿದ್ದಳು. ಕುರ್ಚಿಯ ಮೇಲಿನ ಬಟ್ಟೆಯನ್ನು ತೆಗೆದು ಮಂಚದ ಮೇಲೆ ಹಾಕುತ್ತಿದ್ದೆ. ಅವಳು ಕುರ್ಚಿಯಲ್ಲಿ ಕಾಲು ಮಡಿಸಿ ಕೂತು ಲೆಕ್ಚರರುಗಳ ಅಣಕು ಮಾಡುತ್ತಿದ್ದಳು. ಕಲಿಯುವುದೇನೂ ಉಳಿದಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ನಾನಂತೂ ಶನಿವಾರವೇ ಅಕ್ಕಿ ನೆನೆಹಾಕುತ್ತಿದ್ದೆ.

ವ್ಯಾಪಾರಕ್ಕೆ ಹೊಸ ದಾರಿ ಹಿಡಿದವಳೂ ಅವಳೇ. ಡೆಮೊ ಮುಗಿದ ಮೇಲೆ ಹೆಂಗಸರು "ನೋಡ್ತೀವಿ" ಎಂದು ಎದ್ದು ಹೋಗುತ್ತಿದ್ದರು. ಅಂಥವರ ಕೈಯಲ್ಲಿ ಒಂದು ಡಬ್ಬಿಯನ್ನು ವಾರದ ಮಟ್ಟಿಗೆ ಬಿಟ್ಟು ಬರೋಣ, ಬಳಸಿ ನೋಡಲಿ ಎಂದಳು. ಮಾಡಿ ನೋಡಿದೆವು. ಕೆಲಸ ಕುದುರಿತು. ಒಂದು ವಾರ ಉಪ್ಪಿನಕಾಯಿ ಹಾಕಿಟ್ಟವರು ಡಬ್ಬಿ ಬಿಟ್ಟುಕೊಡಲು ಮನಸ್ಸಿಲ್ಲದೆ ಒಂದು ಸೆಟ್ಟೇ ಬರೆಸುತ್ತಿದ್ದರು. ಬೇಡವಾದವರು ಒಳಗೆ ಏನಾದರೂ ತುಂಬಿ ವಾಪಸು ಕೊಡುತ್ತಿದ್ದರು. ಸಂಡಿಗೆ, ಹುರಿಗಡಲೆ, ಒಮ್ಮೆ ಒಂದು ಡಬ್ಬಿ ಹಸಿ ಅವರೆಕಾಳು. ಹುಡುಗಿಯರು ಅದರಲ್ಲಿ ಅರ್ಧ ನನಗೂ ಕಳಿಸುತ್ತಿದ್ದರು. ಕೊಂಡವರಿಗಿಂತ ಬೇಡ ಅಂದವರ ಮನೆಯ ಊಟವನ್ನೇ ಆ ತಿಂಗಳುಗಳಲ್ಲಿ ನಾನು ಹೆಚ್ಚು ಉಂಡೆ.

ಈ ದಾರಿಯ ಗುಂಡಿ ಎಲ್ಲಿದೆ ಎಂದು ತಿಳಿದದ್ದು ಡಿಸೆಂಬರಿನಲ್ಲಿ. ಡಬ್ಬಿಗಳು ಹೋದವು, ಬರಲಿಲ್ಲ. ಆರು ಹುಡುಗಿಯರ ನಲವತ್ತೆಂಟು ಡಬ್ಬಿಗಳಲ್ಲಿ ಕೈಯಲ್ಲಿದ್ದದ್ದು ಹನ್ನೊಂದು. ಡಬ್ಬಿಯಿಲ್ಲದೆ ಡೆಮೊ ಇಲ್ಲ, ಡೆಮೊ ಇಲ್ಲದೆ ಆರ್ಡರು ಇಲ್ಲ. ಆರು ಜನರಿಂದಲೂ ಮೂರು ತಿಂಗಳು ಬಿಡದೆ ಆರ್ಡರು ಬಂದರೆ ನಾನು ಮೇಲಿನ ಹಂತಕ್ಕೆ ಹೋಗುತ್ತಿದ್ದೆ, ಮತ್ತು ಅದು ಮೂರನೇ ತಿಂಗಳು. ಮೇಲಿನ ಹಂತದವರನ್ನು ಮೈಸೂರಿನ ಸಭೆಯಲ್ಲಿ ವೇದಿಕೆಯ ಮೇಲೆ ಕೂರಿಸುತ್ತಾರೆ, ಹೆಸರು ಕೂಗುತ್ತಾರೆ, ಇನ್ನೂರು ಜನ ಚಪ್ಪಾಳೆ ತಟ್ಟುತ್ತಾರೆ. ಕಮಿಷನ್ನಿನ ಆಸೆ ಇರಲಿಲ್ಲ ಎಂದರೆ ಸುಳ್ಳಾದೀತು. ಆದರೆ ನನಗೆ ಬೇಕಾಗಿದ್ದದ್ದು ಆ ಚಪ್ಪಾಳೆ. ನನ್ನ ಹೆಸರನ್ನು ಯಾರಾದರೂ ಜೋರಾಗಿ ಕೂಗಿ ಎಷ್ಟು ಕಾಲವಾಗಿತ್ತೋ.

ಗುಂಪಿಗೆ ಒಂದು ವಾಯ್ಸ್ ಮೆಸೇಜು ಹಾಕಿದೆ. "ಶನಿವಾರದೊಳಗೆ ಎಲ್ಲ ಡಬ್ಬಿ ವಾಪಸ್ ಬರಬೇಕು. ಏನೂ ತುಂಬಿಸಿಕೊಡೋದು ಬೇಡ, ಖಾಲಿನೇ ಕೊಡಿ ಅಂತ ಕೇಳಿ. ನಾಚಿಕೆ ಪಟ್ಟುಕೊಂಡರೆ ವ್ಯಾಪಾರ ಆಗಲ್ಲ."

ಮೂಗೂರಿನ ಹುಡುಗಿ ಫೋನು ಮಾಡಿದಳು. "ಅಕ್ಕ, ಖಾಲಿ ಕೊಡಿ ಅಂತ ಎಂಗ್ ಕೇಳದು? ಬೇಜಾರ್ ಮಾಡ್ಕತಾರೆ."

"ಬೇಜಾರಾದ್ರೆ ಒಂದು ದಿನ. ಡಬ್ಬಿ ಕಂಪನಿದು ಅನ್ನು" ಅಂದೆ.

ಹೊರಗಿನಿಂದ ಬಂದವಳು ಈ ಮಾತು ಹೇಳಿದ್ದರೆ ಕ್ಷಮಿಸಬಹುದಿತ್ತು. ನಾನು ಇಲ್ಲೇ ಹುಟ್ಟಿ ಬೆಳೆದವಳು. ಹೀಗೆ ಹೇಳುವಾಗ ನನ್ನ ಕಣ್ಣೆದುರಿನ ಶೆಲ್ಫಿನಲ್ಲೇ ಅವಳ ತಾಯಿಯ ಡಬ್ಬಿ ಕೂತಿತ್ತು.

ಅವಳು ಮೊದಲು ಹೋದದ್ದು ಸ್ವಂತ ಚಿಕ್ಕಮ್ಮನ ಮನೆಗೆ, ಅದೇ ಬೀದಿಗೆ. ಸಲಿಗೆಯ ಮನೆಯಲ್ಲಿ ಶುರು ಮಾಡಿದರೆ ಸುಲಭ ಎಂದುಕೊಂಡಿದ್ದಳು. ಚಿಕ್ಕಮ್ಮ ಡಬ್ಬಿಯನ್ನು ಮರೆತಿರಲಿಲ್ಲ, ಬಚ್ಚಿಟ್ಟುಕೊಂಡೂ ಇರಲಿಲ್ಲ. ಸಂಕ್ರಾಂತಿಗೆ ಎಳ್ಳು ಬೀರುವಾಗ ತುಂಬಿಸಿ ಕೊಡೋಣ ಎಂದು ಬೆಲ್ಲವನ್ನು ಆಗಲೇ ಸಣ್ಣಗೆ ಕತ್ತರಿಸಿ ಆ ಡಬ್ಬಿಯಲ್ಲೇ ಹಾಕಿಟ್ಟಿದ್ದರು. ಖಾಲಿ ಕೊಡಿ ಎಂಬ ಮಾತು ಕೇಳಿ ಒಳಗೆ ಹೋದರು. ಬೆಲ್ಲವನ್ನು ಮೊರಕ್ಕೆ ಸುರಿದರು, ಡಬ್ಬಿ ತೊಳೆದರು, ಸೆರಗಿನಲ್ಲಿ ಒರೆಸಿದರು, ಕೈಗೆ ಕೊಡದೆ ಹೊಸಿಲಿನ ಮೇಲಿಟ್ಟರು.

"ಬರೀದೇ ಬೇಕು ಅಂದ್ಯಲ್ಲ, ತಗಳವ್ವ. ನಮ್ಮನೆ ಅಷ್ಟು ಬರಿದಾಗೋಯ್ತು ಅನ್ನದು ಗೊತ್ತಿರ್ಲಿಲ್ಲ ಕಣವ್ವ."

ಉಳಿದ ಐದು ಹುಡುಗಿಯರು ಜಾಣೆಯರು. ನನ್ನ ಮೆಸೇಜಿಗೆ ಹೆಬ್ಬೆರಳು ಹಾಕಿ ಸುಮ್ಮನಿದ್ದರು, ಡಬ್ಬಿ ಬಂದಾಗ ಬರಲಿ ಎಂದು. ನನ್ನ ಮಾತನ್ನು ನಂಬಿ ಹಾಗೆಯೇ ಮಾಡಿದವಳು ಇವಳೊಬ್ಬಳು.

ಎರಡೇ ದಿನಕ್ಕೆ ಬೀದಿ ಮುಚ್ಚಿಕೊಂಡಿತು. ಬರೆಸಿದ್ದ ಸೆಟ್ಟುಗಳನ್ನು ಬೇಡ ಅಂದರು. ಬೆಳಿಗ್ಗೆ ಡೇರಿಯಲ್ಲಿ ಹಾಲು ಹಾಕಲು ನಿಂತಾಗ ಅವಳ ತಾಯಿಯ ಹಿಂದೆ ಮುಂದೆ ನಿಂತವರು ಮಾತು ಬಿಟ್ಟರು. ಹುಡುಗಿ ಇದನ್ನೆಲ್ಲ ಫೋನಿನಲ್ಲಿ ಹೇಳಿ, ಕೊನೆಗೆ "ನೀವೇನೂ ಯೋಚ್ನೆ ಮಾಡ್ಬೇಡಿ ಅಕ್ಕ. ಬೇರೆ ಊರಲ್ಲಿ ಮಾಡ್ತೀನಿ. ನಿಮ್ ತಿಂಗಳು ಕೆಡಾಕ್ ಬುಡಲ್ಲ" ಅಂದಳು. ನಾನು ಅವಳನ್ನು ಸಮಾಧಾನ ಮಾಡಬೇಕಿತ್ತು, ಅವಳು ನನ್ನನ್ನು ಮಾಡಿದಳು. ಆಗಲೇ ಸಾಕು ಅನ್ನಬೇಕಿತ್ತು. ಅನ್ನಲಿಲ್ಲ.

ಅವಳಿಂದ ಫೋಟೋಗಳು ಬರತೊಡಗಿದವು. ಮುಡುಕುತೊರೆಯ ಯಾವುದೋ ಮನೆಯ ಜಗುಲಿ, ಸುತ್ತ ಹೆಂಗಸರು, ನಡುವೆ ಡಬ್ಬಿ ತಲೆಕೆಳಗೆ ಹಿಡಿದ ಇವಳು. ಮರುದಿನ ಇನ್ನೊಂದು ಊರು. ಬುಧವಾರ, ಗುರುವಾರ, ಶುಕ್ರವಾರ. ಫೋಟೋದ ಕೆಳಗೆ ಹನ್ನೊಂದು ಗಂಟೆ, ಹನ್ನೊಂದೂವರೆ ಎಂದು ಕಾಣುತ್ತಿತ್ತು. ಹನ್ನೊಂದು ಗಂಟೆಗೆ ಕಾಲೇಜಿನಲ್ಲಿ ಕೂತಿರಬೇಕಾದ ಹುಡುಗಿ ಮುಡುಕುತೊರೆಯಲ್ಲಿ ಏನು ಮಾಡುತ್ತಿದ್ದಾಳೆ ಎಂದು ನಾನು ಕೇಳಲಿಲ್ಲ. ಚಪ್ಪಾಳೆಯ ಚಿತ್ರ ಹಾಕಿದೆ. ಮೂರು ಸಲ ಹಾಕಿದ್ದೇನೆ. ಮೊನ್ನೆ ಕೂಡ ತೆಗೆದು ನೋಡಿದೆ, ಅಲ್ಲೇ ಇವೆ.

ಮೂರನೇ ವಾರ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಅವಳ ಕಾಲೇಜಿನ ಲೆಕ್ಚರರು.

"ನೀವು ಅವಳ ಅಕ್ಕ ತಾನೆ? ಪೋಷಕರ ನಂಬರ್ ಅಂತ ನಿಮ್ಮದೇ ಕೊಟ್ಟಿದ್ದಾಳೆ."

ನಾಚಿಕೆಯ ಮಾತು ಇದು, ಆದರೂ ಬರೆಯುತ್ತೇನೆ. ಆ ಕ್ಷಣ ನನಗೆ ಖುಷಿಯಾಯಿತು. ಯಾವುದೋ ಕಾಲೇಜಿನ ಯಾವುದೋ ಫಾರಮ್ಮಿನಲ್ಲಿ, ಸಂಬಂಧ ಎಂದು ಕೇಳಿದ ಕಡೆ, ನಾನು ಅಕ್ಕ ಎಂದಿದ್ದೆ.

"ಹೌದು" ಅಂದೆ.

"ಹಾಜರಾತಿ ಬಹಳ ಕಡಿಮೆ ಆಗಿದೆ ನೋಡಿ. ಹೀಗೇ ಆದರೆ ಹಾಲ್ ಟಿಕೆಟ್ ಕೊಡೋಕಾಗಲ್ಲ. ಮನೇಲಿ ಹುಷಾರಿಲ್ಲ, ಅಕ್ಕನ್ನ ನೋಡ್ಕೋಬೇಕು ಅಂತ ಹೇಳ್ತಾಳೆ. ನಿಮಗೆ ಹುಷಾರಿಲ್ವಾ?"

"ನನಗೇನೂ ಆಗಿಲ್ಲ ಮೇಡಂ" ಅಂದೆ. ನಾಳೆ ಬಂದು ಕಾಣುತ್ತೇನೆ ಎಂದು ಫೋನಿಟ್ಟೆ.

ಇನ್ನು ಹತ್ತು ದಿನಕ್ಕೆ ತಿಂಗಳು ಮುಗಿಯುತ್ತಿತ್ತು. ಅಕ್ಕನಾಗಿ ಹೋಗಿ, ಹೌದು ನನಗೆ ಹುಷಾರಿರಲಿಲ್ಲ ಎಂದು ಬರೆದುಕೊಟ್ಟು, ಇನ್ನು ತಪ್ಪಿಸುವುದಿಲ್ಲ ಎಂದು ಸಹಿ ಹಾಕಿ ಬರಬಹುದಿತ್ತು. ಅವಳ ಮನೆಗೆ ಗೊತ್ತಾಗುತ್ತಿರಲಿಲ್ಲ. ಅವಳು ಕ್ಲಾಸಿನ ಜೊತೆ ಡಬ್ಬಿಯನ್ನೂ ಹೊತ್ತು ಹತ್ತು ದಿನ ತಳ್ಳುತ್ತಿದ್ದಳು. ನನಗೆ ಹಂತವೂ ಸಿಗುತ್ತಿತ್ತು, ಭಾನುವಾರವೂ ಉಳಿಯುತ್ತಿತ್ತು. ಅವಳ ವರ್ಷ ಮಾತ್ರ ಅದೃಷ್ಟದ ಮೇಲೆ ನಿಲ್ಲುತ್ತಿತ್ತು. ನರಸೀಪುರದ ಬಸ್ಸಿನಲ್ಲಿ ಕೂತು ಇದನ್ನೇ ಹಿಂದೆ ಮುಂದೆ ತಿರುಗಿಸಿದೆ. ಅವಳು ನಿಜವಾಗಿಯೂ ನನ್ನ ತಂಗಿಯಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿಕೊಂಡಾಗ ಉತ್ತರ ಹುಡುಕಬೇಕಾಗಲಿಲ್ಲ. ಚೀಲ ಕಿತ್ತುಕೊಂಡು ಬೆನ್ನಿಗೆ ಎರಡು ಬಿಡುತ್ತಿದ್ದೆ.

ಲೆಕ್ಚರರು ನನಗಿಂತ ಚಿಕ್ಕವರು. ಎದುರಿಗೆ ಕೂತು ನಿಜ ಹೇಳಿದೆ. ನಾನು ಅವಳ ಅಕ್ಕ ಅಲ್ಲ, ಡಬ್ಬಿ ಮಾರಲು ಹಚ್ಚಿದವಳು. ಅವಳು ಊರೂರು ತಿರುಗಿದ್ದು ನನ್ನ ತಿಂಗಳಿಗಾಗಿ. ಅವರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. "ಇದನ್ನ ಹೇಳೋಕೆ ನಂಜನಗೂಡಿಂದ ಬಂದ್ರಾ?" ಎಂದು ಕೇಳಿದರು. ಆಮೇಲೆ ಕ್ರಮ ಹೇಳಿದರು. ತಾಯಿಯೋ ತಂದೆಯೋ ಬಂದು ಬರೆದುಕೊಡಬೇಕು, ಉಳಿದ ದಿನಗಳಲ್ಲಿ ಒಂದು ಕ್ಲಾಸೂ ತಪ್ಪಬಾರದು, ಸಂಜೆ ನಡೆಸುವ ವಿಶೇಷ ತರಗತಿಗೂ ಕೂರಬೇಕು, ಆಗ ಪ್ರಾಂಶುಪಾಲರ ಹತ್ತಿರ ಮಾತಾಡಿ ನೋಡಬಹುದು. ಗ್ಯಾರಂಟಿ ಇಲ್ಲ. ನಾನು ಅವರ ಎದುರೇ ತಾಯಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅತ್ತ ಕಡೆಯಿಂದ ಹಸುವಿನ ಕೊರಳ ಗಂಟೆ ಕೇಳುತ್ತಿತ್ತು. ಕೊನೆಗೆ "ನಾಳೀಕ್ ಬತ್ತೀನಿ" ಅಂದರು.

ಹುಡುಗಿ ಕಾರಿಡಾರಿನಲ್ಲಿ ನಿಂತಿದ್ದಳು. ಬೆನ್ನಿಗೆ ಡೆಮೊ ಚೀಲ. ತಾಯಿಗೆ ಮಾಡಿದ ಫೋನು ಅವಳ ಕಿವಿಗೆ ಬಿದ್ದಿತ್ತು. ಅವಳ ಎದುರೇ ಫೋನಿನ ಆ್ಯಪ್ ತೆಗೆದು ತಂಡದಿಂದ ಅವಳ ಹೆಸರು ಅಳಿಸಿದೆ. ಖಚಿತವೇ ಎಂದು ಅದು ಎರಡು ಸಲ ಕೇಳುತ್ತದೆ. ಎರಡು ಸಲವೂ ಹೌದು ಎಂದು ಒತ್ತಿದೆ. ಅಲ್ಲಿಗೆ ಐದು ಜನ ಉಳಿದರು, ನನ್ನ ಹಂತ ಹೋಯಿತು.

"ಅಮ್ಮಂಗೆ ಯಾಕ್ ಏಳುದ್ರಿ?" ಅಂದಳು. "ನಾನ್ ನಿಮ್ಗೋಸ್ಕರ ಮಾಡ್ದೆ. ಅಕ್ಕ ಅಂದ್ಕಂಡು ಮಾಡ್ದೆ. ನಿಮ್ ಕೆಲ್ಸ ಕೆಡ್ತು ಅಂತ ನನ್ನ ಬುಟ್ಬುಟ್ರಲ್ಲ ಮೇಡಂ."

ಮೇಡಂ ಅನ್ನುವ ಮಾತು ಅವಳ ಬಾಯಿಂದ ಮೊದಲ ಸಲ ಬಂತು. ಕೆಲಸ ಕೆಟ್ಟಿದ್ದಕ್ಕಲ್ಲ, ನಿನ್ನ ವರ್ಷ ಉಳಿಯಲಿ ಅಂತ ಎಂದು ಹೇಳಬಹುದಿತ್ತು. ಹೇಳಿದರೆ ಅವಳು ಮತ್ತೆ ಅಕ್ಕ ಅಂದುಬಿಟ್ಟಾಳು, ಮತ್ತೆ ಚೀಲ ಹೊತ್ತಾಳು ಎಂಬ ಭಯ. "ಕ್ಲಾಸಿಗೆ ಹೋಗು" ಎಂದಷ್ಟೇ ಹೇಳಿ ಬಸ್ ಸ್ಟ್ಯಾಂಡಿಗೆ ನಡೆದೆ. ಫೋನಿನಲ್ಲಿ ಆಡುತ್ತಿದ್ದ ಅತ್ತೆಯ ಪಾತ್ರ ಅವತ್ತು ನಿಜವಾಯಿತು.

ವಾರದ ಮೇಲೆ ಅವಳ ಚೀಲ ನನಗೆ ಬಂದು ಸೇರಿತು. ನರಸೀಪುರದ ಇನ್ನೊಬ್ಬ ಹುಡುಗಿಯ ಕೈಯಲ್ಲಿ ಕಳಿಸಿದ್ದಳು. ಎಂಟಕ್ಕೆ ಎಂಟೂ ಡಬ್ಬಿ ಇದ್ದವು. ಬಿಟ್ಟು ಬಂದ ಮನೆಗಳಿಗೆಲ್ಲ ಹೋಗಿ ಒಟ್ಟು ಮಾಡಿದ್ದಳು. ಎಲ್ಲ ತೊಳೆದು ಒರೆಸಿದ್ದವು. ಒಂದೊಂದಾಗಿ ತೆರೆದು ನೋಡಿದೆ, ಎಂಟೂ ಖಾಲಿ. ಒಂದು ಚಿಟಿಕೆ ಸಕ್ಕರೆಯೂ ಇರಲಿಲ್ಲ. ಮುಚ್ಚಳಗಳನ್ನು ಸುಮ್ಮನೆ ಮೇಲೆ ಒತ್ತಿದ್ದಳು, ಎಲ್ಲಕ್ಕೂ ಹೊಟ್ಟೆ ಬಂದಿತ್ತು.

ನಾನೇ ಕೇಳಿದ್ದೆನಲ್ಲ, ಖಾಲಿ ಕೊಡಿ ಎಂದು. ಚಿಕ್ಕಮ್ಮನಿಗೆ ಏನಾಗಿತ್ತೆಂದು ಅವತ್ತು ನನಗೆ ಸರಿಯಾಗಿ ತಿಳಿಯಿತು.

ತಿಂಗಳು ಮುಗಿಯಿತು. ಮೈಸೂರಿನ ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಬೇರೆಯವರಿಗೆ ಚಪ್ಪಾಳೆ ತಟ್ಟಿ ಬಂದೆ. ಐದು ಹುಡುಗಿಯರಿಗೂ ಹೊಸ ನಿಯಮ ಮಾಡಿದೆ. ಕ್ಲಾಸಿರುವ ಹೊತ್ತಿನಲ್ಲಿ ಡೆಮೊ ಇಲ್ಲ, ಆ ಹೊತ್ತಿನ ಫೋಟೋ ಬಂದರೆ ನಾನೇ ಫೋನು ಮಾಡುತ್ತೇನೆ, ಬಿಟ್ಟ ಡಬ್ಬಿ ಯಾವಾಗ ಬರುತ್ತದೋ ಆಗ ಬರಲಿ. ಹೆಬ್ಬೆರಳುಗಳು ಬಂದವು. ಭಾನುವಾರಗಳು ಬಂದು ಹೋದವು. ಕುರ್ಚಿಯ ಮೇಲೆ ಬಟ್ಟೆ ಮತ್ತೆ ಬೆಳೆಯಿತು. ಅವಳು ಕ್ಲಾಸಿಗೆ ಹೋಗುತ್ತಿದ್ದಾಳೆ ಎಂಬುದಷ್ಟೇ ಗೊತ್ತಿತ್ತು. ಹಾಲ್ ಟಿಕೆಟ್ಟಿನ ವಿಷಯ ಯಾರನ್ನು ಕೇಳುವುದು? ಕೇಳುವ ಹಕ್ಕಿರುವ ಅಕ್ಕ ನಾನಲ್ಲ ಎಂದು ನಾನೇ ಹೋಗಿ ಹೇಳಿ ಬಂದಿದ್ದೆ.

ಸಂಕ್ರಾಂತಿಗೆ ನಾಲ್ಕು ದಿನವಿರುವಾಗ ಶೆಲ್ಫು ಒರೆಸುತ್ತಿದ್ದೆ. ತಾಯಿಯ ಡಬ್ಬಿ ಕೈಗೆ ಬಂತು. ಮುಚ್ಚಳ ತೆಗೆದರೆ ಇನ್ನೂ ಹುಚ್ಚೆಳ್ಳಿನ ವಾಸನೆ. ನನಗೆ ಎಳ್ಳು ಬೀರುವ ಮನೆಗಳಿಲ್ಲ. ಅಮ್ಮ ಹೋದ ಮೇಲೆ ಎಳ್ಳು ಬೆರೆಸಿಯೇ ಇರಲಿಲ್ಲ. ಅವತ್ತು ಅಂಗಡಿಗೆ ಹೋಗಿ ಎಳ್ಳು, ಕಡಲೆಬೀಜ, ಹುರಿಗಡಲೆ, ಕೊಬ್ಬರಿ, ಅಚ್ಚುಬೆಲ್ಲ ತಂದೆ. ಸಿದ್ಧವಾಗಿ ಬೆರೆಸಿದ್ದೂ ಪಾಕೀಟಿನಲ್ಲಿ ಸಿಗುತ್ತದೆ, ಅದು ಬೇಡವಾಯಿತು. ಕೊಬ್ಬರಿ ಕಪ್ಪು ಹೆರೆದು, ಬೆಲ್ಲ ಸಣ್ಣಗೆ ಕತ್ತರಿಸಿ ಬಿಸಿಲಿಗೆ ಹಾಕಿದೆ. ಬೆರಳಿನಲ್ಲಿ ಎರಡು ಬೊಬ್ಬೆ ಎದ್ದವು. ಚಿಕ್ಕಮ್ಮ ಸುಮ್ಮನೆ ಮೊರಕ್ಕೆ ಸುರಿದ ಬೆಲ್ಲದ ಹಿಂದೆ ಎಷ್ಟು ಹೊತ್ತಿನ ಕೆಲಸವಿತ್ತೆಂದು ಬೆರಳೇ ಹೇಳಿತು. ಎರಡು ಡಬ್ಬಿ ತುಂಬಿದೆ. ಒಂದು ತಾಯಿಯದು, ಇನ್ನೊಂದು ಹುಡುಗಿಯ ಚೀಲದಲ್ಲಿ ಬಂದ, ಚಿಕ್ಕಮ್ಮ ಹೊಸಿಲಿನ ಮೇಲಿಟ್ಟಿದ್ದ ಡಬ್ಬಿ.

ಹಬ್ಬದ ಮರುದಿನ ಮೂಗೂರಿನಲ್ಲಿ ಮೊದಲು ಚಿಕ್ಕಮ್ಮನ ಮನೆ ಕೇಳಿಕೊಂಡು ಹೋದೆ. ಬಾಗಿಲಲ್ಲಿ ನಿಂತು, "ಆ ಹುಡುಗಿಯದು ತಪ್ಪಿಲ್ಲ. ಖಾಲಿ ಕೇಳು ಅಂತ ಹೇಳಿಕೊಟ್ಟವಳು ನಾನು" ಎಂದು ಡಬ್ಬಿ ಚಾಚಿದೆ. ಅವರು ಡಬ್ಬಿಯನ್ನೂ ನನ್ನನ್ನೂ ನೋಡಿದರು.

"ನೀವು ಓದೋರು ಬರಿಯೋರು. ನಿಮ್ಗಷ್ಟೂ ತಿಳೀದಾ?"

"ತಿಳಿದಿತ್ತು. ಆದರೂ ಹೇಳಿದೆ."

"ಊಂ" ಅಂದು ಕೈ ಚಾಚಿ ತೆಗೆದುಕೊಂಡರು. ಒಳಗೆ ಕರೆಯಲಿಲ್ಲ. ಕರೆಯಲಿ ಎಂದು ನಾನೂ ಬಂದಿರಲಿಲ್ಲ.

ನಾಲ್ಕು ಮನೆಯಾಚೆ ತಾಯಿ ಹಟ್ಟಿ ಗುಡಿಸುತ್ತಿದ್ದರು. ಒಳಕೋಣೆಯಿಂದ ಜೋರಾಗಿ ಓದುವ ದನಿ ಕೇಳುತ್ತಿತ್ತು, ಕಂಪನಿ ಕಾಯ್ದೆಯ ಯಾವುದೋ ಪಾಠ. ಅವಳು ಗಟ್ಟಿಯಾಗಿ ಓದಿಯೇ ಕಲಿಯುವವಳು. ನಾನು "ಹೇಗಿದ್ದೀರಮ್ಮ?" ಎಂದು ಕೇಳಿದ ಕೂಡಲೇ ದನಿ ನಿಂತಿತು.

"ಬನ್ನಿ ಕೂತ್ಕಳಿ" ಅಂದರು ತಾಯಿ. ಪೊರಕೆ ಮೂಲೆಗಿಟ್ಟರು. "ಸೋಮವಾರದಿಂದ ಪರೀಕ್ಷೆ. ಆಲ್ ಟಿಕೆಟ್ ಮೊನ್ನೆ ಕೊಟ್ರಂತೆ. ಸಾಯಂಕಾಲದ್ ಕ್ಲಾಸ್ಗೂ ಓಗಿ ಬಂದ್ಲು, ಒಂದಿನ ತಪ್ಪಿಸ್ನಿಲ್ಲ."

ಕೊಟ್ಟರಂತೆ. ಅಷ್ಟು ಕೇಳಿದ ಮೇಲೆ ಜಗುಲಿಯ ಮೇಲೆ ಕೂತೆ. ತಾಯಿ ಒಳಗೆ ತಿರುಗಿ, "ಬಾರವ್ವ, ಯಾರ್ ಬಂದವ್ರೆ ನೋಡು" ಎಂದು ಕೂಗಿದರು. ಸ್ವಲ್ಪ ಹೊತ್ತಿಗೆ ಓದುವ ದನಿ ಮತ್ತೆ ಶುರುವಾಯಿತು, ಮೊದಲಿಗಿಂತ ಮೆಲ್ಲಗೆ.

"ಓದ್ತಾವ್ಳೆ" ಅಂದರು ತಾಯಿ, ನನ್ನ ಮುಖ ನೋಡದೆ.

"ಓದಲಿ ಬಿಡಿ. ಎಬ್ಬಿಸಬೇಡಿ."

ಡಬ್ಬಿ ಕೊಟ್ಟೆ. ತಡವಾಯಿತು ಎಂದೆ. ಅವರು ತೆರೆದು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, "ಬೆಲ್ಲ ಚೆನ್ನಾಗದೆ" ಎಂದು ನನಗೆ ಕಾಫಿ ತಂದುಕೊಟ್ಟು ಮತ್ತೆ ಒಳಗೆ ಹೋದರು. ನಾನು ಕಾಫಿ ಕುಡಿಯುತ್ತ ಹಸುಗಳನ್ನು ನೋಡುತ್ತ ಕೂತೆ. ಒಳಗೆ ಓದು ಇನ್ನೊಮ್ಮೆ ನಿಂತಿತು, ಪಾತ್ರೆಯ ಸದ್ದಾಯಿತು, ಮತ್ತೆ ಓದು ಕೇಳಿತು. ತಾಯಿ ಹೊರಗೆ ಬಂದಾಗ ಅದೇ ಡಬ್ಬಿ ಕೈಯಲ್ಲಿತ್ತು, ತುಂಬಿತ್ತು.

"ಬರೀ ಕೈಲಿ ಎಂಗ್ ಕಳ್ಸದು? ಚಟ್ನಿಪುಡಿ ಅದೆ. ಡಬ್ಬ ನಿದಾನಕ್ಕೆ ಕಳ್ಸಿ."

ಬಸ್ಸಿಗೆ ಹೊತ್ತಾಗಿತ್ತು. ಓಡಿ ಹತ್ತಿ, ಕಿಟಕಿಯ ಪಕ್ಕ ಕೂತು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೆ. ಹಸುಗೂಸಿನ ಮೇಲೆ ಕೈಯಿಡುವ ಹಾಗೆ ಸುಮ್ಮನೆ ಮುಚ್ಚಳದ ಮೇಲೆ ಕೈಯಿಟ್ಟೆ. ಅಂಗೈಗೆ ತಗ್ಗು ಸಿಕ್ಕಿತು. ಕೈ ತೆಗೆದು ನೋಡಿದೆ. ಮುಚ್ಚಳದ ನಡು ತಟ್ಟೆಯ ಹಾಗೆ ಒಳಕ್ಕೆ ಇಳಿದಿತ್ತು. ಮೂಲೆ ಎತ್ತಿ, ನಡು ಒತ್ತಿ, ಪೂರ್ತಿ ಗಾಳಿ ತೆಗೆದು ಮುಚ್ಚಿದ ಡಬ್ಬಿ ಅದು.

ತಾಯಿ ಯಾವತ್ತೂ ಗಾಳಿ ತೆಗೆಯುವವರಲ್ಲ.

ನರಸೀಪುರದಲ್ಲಿ ಬಸ್ಸು ಬದಲಿಸುವಾಗಲೂ, ನಂಜನಗೂಡಿನಲ್ಲಿ ಇಳಿಯುವಾಗಲೂ ಅದನ್ನು ಚೀಲಕ್ಕೆ ಹಾಕದೆ ಕೈಯಲ್ಲೇ ಹಿಡಿದಿದ್ದೆ. ಮನೆಗೆ ಬಂದು ಶೆಲ್ಫಿನ ಮೇಲಿಟ್ಟೆ. ಮುಚ್ಚಳ ತೆಗೆದರೆ ಆ ತಗ್ಗು ಹೋಗಿಬಿಡುತ್ತದೆ ಎಂದು ನಾಲ್ಕು ದಿನ ತೆಗೆಯಲಿಲ್ಲ. ಐದನೆಯ ದಿನ, ಅವಳ ಮೊದಲ ಪರೀಕ್ಷೆ ಮುಗಿದಿರಬಹುದಾದ ಹೊತ್ತಿಗೆ, ಬಿಸಿ ಅನ್ನ ಮಾಡಿಕೊಂಡು ತೆಗೆದೆ. ಪುಡಿ ಈಗ ಅರ್ಧಕ್ಕೆ ಬಂದಿದೆ. ಮುಗಿದ ಮೇಲೆ ಡಬ್ಬಿ ಕೊಟ್ಟು ಬರಬೇಕು, ಖಾಲಿ ಕೊಡುವ ಹಾಗಿಲ್ಲ. ಏನು ಮಾಡಿಕೊಂಡು ಹೋಗಲಿ ಎಂದು ಯೋಚಿಸುತ್ತಿದ್ದೇನೆ.